ಪರ್ವದಿನವಲ್ಲದ ಕಡಲು

ಅಪ್ಪ ಹೋದ ಮೇಲೆ ಅಮ್ಮನನ್ನು ಮೈಸೂರಿನಿಂದ ಕಡಲತಡಿಯ ತಮಿಳು ಪೇಟೆ ತ್ರಿಪ್ಲಿಕೇನಿನಲ್ಲಿದ್ದ ನನ್ನ ಬಾಡಿಗೆ ಮನೆಗೆ ಕರೆತಂದೆ. ಬಂದವಳಿಗೆ ನಿದ್ದೆಯೇ ಇರಲಿಲ್ಲ. ಕಣ್ಣು ಬಿಟ್ಟುಕೊಂಡೇ ಬೆಳಗು ಮಾಡುತ್ತಿದ್ದಳು, ದಿನದಿಂದ ದಿನಕ್ಕೆ ಇಳಿದುಹೋದಳು. ಹೀಗೇ ಆದರೆ ಅಮ್ಮನೂ ಹೊರಟುಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಬೀದಿ ಕೊನೆಯ ಡಾಕ್ಟರು ಮಾತ್ರೆ ಬರೆಯಲಿಲ್ಲ. ಇಷ್ಟು ದೊಡ್ಡ ಸಮುದ್ರ ಪಕ್ಕದಲ್ಲೇ ಇದೆ, ದಿನಾ ಸಂಜೆ ಅಲ್ಲಿ ಕೂರಿಸಿ ಎಂದರು. ಮದ್ದು ಸಮುದ್ರದ್ದಾದರೂ ಫೀಸು ಮಾತ್ರ ತಾವೇ ತೆಗೆದುಕೊಂಡರು.

ಸಲಹೆಯಲ್ಲಿ ತಪ್ಪೇನಿರಲಿಲ್ಲ. ನಮ್ಮ ಪೇಟೆ ನಡೆಯುತ್ತಿದ್ದುದೇ ಕಡಲಿನ ದಯೆಯಿಂದ. ಮಧ್ಯಾಹ್ನ ಅಲ್ಲಿಂದ ಗಾಳಿ ಬೀಸುವವರೆಗೆ ಲಾಡ್ಜಿನವರು, ಮೆಸ್ಸಿನವರು, ನಾವು, ಎಲ್ಲರೂ ಮುಖ ಸಿಂಡರಿಸಿಕೊಂಡಿರುತ್ತಿದ್ದೆವು. ಗಾಳಿ ಬಂದ ಮೇಲೆ ಮನುಷ್ಯರಂತೆ ಮಾತನಾಡುತ್ತಿದ್ದೆವು.

ಅಮ್ಮನ ತಕರಾರೇ ಬೇರೆ. ನಮ್ಮ ವೈಷ್ಣವರ ಮನೆಗಳಲ್ಲಿ ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಿನಗಳಲ್ಲಷ್ಟೇ ಕಡಲನ್ನು ಮುಟ್ಟಬೇಕು. ಬೇರೆ ದಿನ ಮುಟ್ಟಿದರೆ ಮನೆಗೆ ಬಂದು ತಲೆಗೆ ಸ್ನಾನ ಮಾಡಬೇಕು. ಆ ಬೇಸಿಗೆಯಲ್ಲಿ ನಲ್ಲಿಯಿಂದ ಬರುತ್ತಿದ್ದುದು ಸದ್ದು ಮಾತ್ರ. ಲಾರಿಯ ನೀರು ಅಡುಗೆಗೆ, ಕುಡಿಯಲಿಕ್ಕೆ ಆದರೆ ಹೆಚ್ಚು. ಮುಟ್ಟುವುದೇ ಬೇಡ, ನೋಡಿದರೆ ಸಾಕು ಎಂದು ಒಪ್ಪಿಸಿದೆ. ಅಮ್ಮ ಪಂಚಾಂಗದಲ್ಲಿ ತಿಥಿ ನೋಡಿಕೊಂಡು ಬಂದು, ಅಲೆಗಳಿಂದ ಬಹಳ ದೂರದಲ್ಲಿ, ಸುಂಡಲ್ ಎನ್ನುವ ಕಡಲೆ ಉಸಲಿ ಮಾರುವವನ ಗಾಡಿಯ ಪಕ್ಕ, ಬೀಗರ ಮನೆಗೆ ಬಂದವಳಂತೆ ಸೆರಗು ಹೊದ್ದು ಕೂರುತ್ತಿದ್ದಳು. ಕೆಲವು ದಿನಗಳಲ್ಲಿ ಒಂದಿಷ್ಟು ಜೊಂಪು ಹತ್ತತೊಡಗಿತು. ಅಷ್ಟಕ್ಕೇ ನಾನು ಹಿಗ್ಗಿದೆ.

ಒಂದು ಷಷ್ಠಿಯ ಸಂಜೆ ಗಾಡಿಯ ಸುತ್ತ ಜನ ಸೇರಿದ್ದರಿಂದ ಮುಂದೆ ಹೋಗಿ ಕೂತೆವು. ಅಲೆಯೊಂದು ಪಂಚಾಂಗ ನೋಡದೆ ಬಂದು ಅಮ್ಮನ ಸೀರೆಯನ್ನು ಮೊಣಕಾಲವರೆಗೆ ನೆನೆಸಿ ಹೋಯಿತು. ಮನೆಯಲ್ಲಿದ್ದುದು ಒಂದೇ ಕೊಡ ನೀರು. ಅದನ್ನು ಅಮ್ಮನ ತಲೆಗೆ ಸುರಿದು ನಾವು ಬಾಯಾರಿಕೊಂಡೇ ಮಲಗುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ಏಳು ಎಂದೆ. ಅಮ್ಮ ಏಳಲಿಲ್ಲ. ಇನ್ನೊಂದು ಅಲೆಯೂ ಬಂತು.

"ನಿಮ್ಮಪ್ಪನ ಅಸ್ಥೀನ ಕಾವೇರೀಲಿ ತಾನೆ ಬಿಟ್ಟಿದ್ದು?" ಎಂದು ಕೇಳಿದಳು.

ಹೌದು ಎಂದೆ.

"ಆ ನೀರೂ ಈ ಸಮುದ್ರಕ್ಕೇ ತಾನೆ ಬರೋದು?"

ಆ ವರ್ಷ ಕಾವೇರಿ ಕಡಲು ಸೇರುವ ಮಾತೇ ಇರಲಿಲ್ಲ. ಇದ್ದ ನೀರಿಗೆ ಎರಡು ರಾಜ್ಯಗಳು ಜಗಳವಾಡುತ್ತಿದ್ದವು. ಅಣೆಕಟ್ಟಿನ ಬೀಗದ ಕೈ ನನ್ನ ಸೊಂಟದಲ್ಲೇ ಇದೆಯೆಂಬಂತೆ ನೆರೆಯ ತಮಿಳರು ನನ್ನನ್ನು ನೋಡುತ್ತಿದ್ದರು. ಇದನ್ನೆಲ್ಲ ಅಮ್ಮನಿಗೆ ವಿವರಿಸಬಹುದಿತ್ತು.

"ಬರತ್ತಮ್ಮ," ಎಂದೆ. "ಇಷ್ಟು ಹೊತ್ತಿಗೆ ಬಂದು ಸೇರಿರತ್ತೆ."

ಅಮ್ಮ ತಲೆಯಾಡಿಸಿದಳು. ಮುಂದಿನ ಅಲೆ ಬಂದಾಗ ತಾನಾಗಿಯೇ ಬಗ್ಗಿ ನೀರಿನಲ್ಲಿ ಅಂಗೈ ಊರಿ, ಅದು ಹಿಂದೆ ಸರಿಯುವವರೆಗೆ ಹಾಗೇ ಇದ್ದಳು. ಮನೆಗೆ ಬಂದು ಸ್ನಾನದ ಮಾತೆತ್ತದೆ ಸೀರೆ ಬದಲಿಸಿ ಮಲಗಿದಳು. ಬೆಳಿಗ್ಗೆ ನೀರಿನ ಲಾರಿ ಬಂದು, ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ಕಿತ್ತಾಡಿದರೂ ಅಮ್ಮನಿಗೆ ಎಚ್ಚರವಾಗಲಿಲ್ಲ. ಉಸಿರಾಡುತ್ತಿದ್ದಾಳೆಯೇ ಎಂದು ನಾನು ಮೂಗಿನ ಬಳಿ ಕೈ ಹಿಡಿದು ನೋಡಬೇಕಾಯಿತು. ಬೆರಳಿಗೆ ಬೆಚ್ಚಗೆ ಉಸಿರು ತಾಗಿತು.