ವರ್ಲೀನ್ ಖಾಲಿ ಬಿಟ್ಟ ಜಾಗ

ವರ್ಲೀನ್ ಟಾಲಿವರ್ ಬಗ್ಗೆ ಪೇಪರಿನವರು ಬರೆದದ್ದನ್ನೆಲ್ಲ ಓದಿದ್ದೇನೆ. ನಮ್ಮ ಕರಿಯರ ಸೋಲ್ ಸಂಗೀತದ ರಾಣಿಯಂತೆ, ಮೆಂಫಿಸ್ ಊರಿನ ಮುತ್ತಂತೆ. ಇರಲಿ ಬಿಡಿ, ಬೇಡ ಅಂದವರು ಯಾರು? ಆದರೆ ಅವಳಿಗೆ ಹೆಸರು ತಂದ ಹಾಡಿನಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಉಸಿರಿನಷ್ಟು ಜಾಗ ಖಾಲಿ ಇದೆಯಲ್ಲ, ಅದು 'ಮೌನದ ಕಲೆ' ಅಂತ ಒಬ್ಬ ಪುಣ್ಯಾತ್ಮ ಬರೆದಿದ್ದ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಕಲೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಆ ಜಾಗದಲ್ಲಿ ಹಾಡಬೇಕಾಗಿದ್ದವಳು ನಾನು! ನಾನು ಜಾನಿ ಮೇ. ಅವಳ ಪಕ್ಕದ ಮನೆಯವಳು, ಅವಳ ತಲೆ ಬಾಚಿದವಳು, ವೇದಿಕೆಯಲ್ಲಿ ಅವಳ ಹಿಂದೆ ನಿಂತು ದನಿ ಕೂಡಿಸಿದವಳು. ಆ ಜಾಗ ಯಾಕೆ ಖಾಲಿ ಬಿತ್ತು ಅಂತ ನನಗಿಂತ ಚೆನ್ನಾಗಿ ಯಾರು ಹೇಳಬೇಕು?

ನಮ್ಮ ಚರ್ಚಿನಲ್ಲಿ ಒಬ್ಬರು ಹಾಡಿ ಉಳಿದವರು ಕೈಕಟ್ಟಿ ಕೇಳುವ ಪದ್ಧತಿಯೇ ಇಲ್ಲ. ಮುಂದೆ ನಿಂತವರು ಒಂದು ಸಾಲು ಎತ್ತಿಕೊಡಬೇಕು, ಬೆಂಚಿನಲ್ಲಿ ಕೂತವರು ಅದಕ್ಕೆ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಹಾಡು ಅಲ್ಲೇ ಸತ್ತ ಹಾಗೆ. ಮೊದಲ ಉತ್ತರ ಬರಬೇಕಾದದ್ದು ಮುಂದಿನ ಬೆಂಚಿನ ಹಿರಿಯಮ್ಮಂದಿರಿಂದ. ಬಿಳಿ ಉಡುಪು, ಬಿಳಿ ಟೋಪಿ, ಬಿಳಿ ಕೈಗವಸು ಹಾಕಿ ಸಾಲಾಗಿ ಕೂತಿರುತ್ತಾರೆ. ಅವರಿಗೆಲ್ಲ ಹಿರಿಯಳು ವರ್ಲೀನಳ ಅಮ್ಮ, ಚರ್ಚಿನವರ ಬಾಯಲ್ಲಿ ಮದರ್ ಟಾಲಿವರ್. ಆಕೆ "ಹ್ಞೂಂ, ಹೇಳು ಮಗಳೇ" ಅಂದರೆ ಚರ್ಚಿಗೆ ಚರ್ಚೇ ಬಾಯಿ ತೆರೆಯುತ್ತಿತ್ತು. ಆಕೆ ಅನ್ನುವ ತನಕ ಪಾಸ್ಟರ್ ಕೂಡ ತೆಪ್ಪಗಿರುತ್ತಿದ್ದರು.

ವರ್ಲೀನ್ ಲಂಗ ಹಾಕುವ ವಯಸ್ಸಿನಿಂದಲೇ ಹಾಡು ಎತ್ತಿಕೊಡುತ್ತಿದ್ದಳು. ಅವಳು ಒಂದು ಸಾಲು ಬಿಟ್ಟರೆ ಅಮ್ಮನ ಉತ್ತರ ಬರುತ್ತಿತ್ತು, ಅದನ್ನು ಹಿಡಿದು ಅವಳು ಇನ್ನೂ ಮೇಲಕ್ಕೆ ಹೋಗುತ್ತಿದ್ದಳು. ನಾವೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದೆವು. ಆಮೇಲೆ ಅವಳು ಬೆಳೆದಳು, ಸ್ಟುಡಿಯೋ ಒಂದರವರು ಬಂದು ಕರೆದರು, ಹೋದಳು. ಹಾಡುವ ರೀತಿ ಅದೇ. ದೇವರನ್ನು ಕರೆಯುತ್ತಿದ್ದ ಕಡೆ ಬಿಟ್ಟುಹೋದ ಗಂಡಸನ್ನು ಕರೆದಳು, ಅಷ್ಟೇ ವ್ಯತ್ಯಾಸ. ಆದರೆ ಅಮ್ಮನಿಗೆ ಅದು ಅಷ್ಟೇ ಆಗಿರಲಿಲ್ಲ.

"ದೇವರ ಗಂಟಲು ಅದು. ಅದನ್ನ ತಗೊಂಡೋಗಿ ಕುಡುಕರ ಮುಂದೆ ಸುರಿದು ಬಂದ್ಯಲ್ಲೇ!" ಅಂದಳು.

"ಕುಡುಕರಿಗೂ ದುಃಖ ಇರತ್ತಮ್ಮ" ಅಂದಳು ಇವಳು. ಸುಮ್ಮನಿರುವ ಜಾಯಮಾನ ಅವಳದ್ದಲ್ಲ.

ಅದರ ಮುಂದಿನ ಭಾನುವಾರ ವರ್ಲೀನ್ ಎಂದಿನಂತೆ ಮುಂದೆ ನಿಂತು ಸಾಲು ಎತ್ತಿಕೊಟ್ಟಳು. ಮದರ್ ಟಾಲಿವರ್ ತುಟಿ ಬಿಗಿಹಿಡಿದು ಬೀಸಣಿಗೆ ಬೀಸುತ್ತ ಕೂತಳು. ಯಾರೂ ಉಸಿರೆತ್ತಲಿಲ್ಲ. ಎರಡನೇ ಸಾಲು ಕೊಟ್ಟಳು, ಆಗಲೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅತ್ತು ಓಡಿಹೋಗುತ್ತಿದ್ದರು. ಇವಳು ಹಾಡನ್ನು ಪೂರ್ತಿ ಹಾಡಿದಳು, ಒಂದೊಂದು ಸಾಲಿಗೂ ನಿಂತು, ಬಾರದ ಉತ್ತರಕ್ಕೆ ಕಾದು. ನನಗಂತೂ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು.

ಹೊರಗೆ ಮೆಟ್ಟಿಲ ಹತ್ತಿರ ಅವಳ ಕೈ ಹಿಡಿದೆ. "ಇನ್ನು ಈ ಕಡೆ ತಲೆ ಹಾಕಬೇಡ ಮಾರಾಯ್ತಿ."

"ಹಾಕ್ತೀನಿ. ಇದೇ ಚರ್ಚಲ್ಲಿ, ಇದೇ ಜನರ ಮುಂದೆ ಅಮ್ಮ ನನಗೆ ಉತ್ತರ ಕೊಡಬೇಕು. ಅಲ್ಲೀವರೆಗೂ ಬಿಡಲ್ಲ ಜಾನಿ ಮೇ, ನೋಡ್ತಿರು."

ಆ ಬಿಸಿಯಲ್ಲೇ ಆ ದೊಡ್ಡ ಹಾಡಿನ ರೆಕಾರ್ಡಿಂಗ್ ಆಯಿತು. ಅವಳು ಸಾಲು ಹಾಡಿದಳು, ನಾನು ಹಿಂದಿನಿಂದ ದನಿ ಕೊಡಲು ಬಾಯಿ ತೆರೆದೆ, ಇವಳು ಕೈ ಅಡ್ಡ ಹಿಡಿದಳು. "ಅಲ್ಲಿ ಬೇಡ. ಆ ಜಾಗ ಬಿಡು."

ವಾದ್ಯದವರನ್ನು ನಡೆಸುತ್ತಿದ್ದ ಕ್ಲೀವನ್ ತಲೆ ಚಚ್ಚಿಕೊಂಡ. "ಏನಮ್ಮ ಇದು, ಹಾಡೆಲ್ಲ ತೂತು ತೂತು! ಟ್ರಂಪೆಟ್ಟಾದರೂ ತುಂಬಿಸ್ತೀನಿ."

"ತುಂಬಿಸಿದ್ರೆ ನಾನು ಮನೆಗೆ ಹೋಗ್ತೀನಿ."

"ಅಲ್ಲ ಕಣೇ, ದನಿ ಕೊಡೋಕೆ ಅಂತ ಬಂದಿರೋ ನಾನೇನು ಗೋಡೆಗೆ ಒರಗಿ ನಿಲ್ಲಲಾ?" ಅಂತ ನಾನೂ ರೇಗಿದೆ.

"ನಿಂಗೆ ಹಾಡೋ ಕಡೆ ಬೇರೆ ಕೊಡ್ತೀನಿ. ಅದು ನಿನ್ನ ಜಾಗ ಅಲ್ಲ" ಅಂದಳು. ಯಾರ ಜಾಗ ಅಂತ ನನಗೆ ಗೊತ್ತೇ ಇತ್ತು.

ಹಾಡು ಹೊತ್ತಿಕೊಂಡಿತು ಅಂದರೆ ಹೊತ್ತಿಕೊಂಡಿತು! ಕ್ಷೌರದಂಗಡಿಯಲ್ಲಿ ಅದೇ, ಬಟ್ಟೆ ಒಗೆಯುವ ಕಡೆ ಅದೇ. ನಾವು ಊರೂರು ತಿರುಗಿದೆವು. ಹೋಟೆಲಿನವರು ನಮ್ಮ ಬಣ್ಣ ನೋಡಿ ರೂಮಿಲ್ಲ ಅನ್ನುತ್ತಿದ್ದರು, ಪೆಟ್ರೋಲು ಹಾಕಿ ದುಡ್ಡು ಎಣಿಸಿಕೊಂಡವನು ಕಕ್ಕಸಿನ ಕೀಲಿ ಕೊಡುತ್ತಿರಲಿಲ್ಲ. ಮನೆಯಿಂದ ಖಾಲಿ ಬೂಟಿನ ಡಬ್ಬಿಯಲ್ಲಿ ಕಟ್ಟಿಕೊಂಡ ಕರಿದ ಕೋಳಿ ತಿಂದು, ಯಾರೋ ಪುಣ್ಯಾತ್ಗಿತ್ತಿಯರ ಮನೆಯಲ್ಲಿ ಮಲಗಿ, ಸಂಜೆಗೆ ಮಿಣಮಿಣ ಗೌನು ಹಾಕಿ ನಿಲ್ಲುತ್ತಿದ್ದೆವು. ಅವಳು ಸಾಲು ಬಿಟ್ಟು ನಿಂತರೆ ಸಾಕು, ಆ ಖಾಲಿ ಜಾಗಕ್ಕೆ ಜನ ನುಗ್ಗುತ್ತಿದ್ದರು. ಚಿಕಾಗೋದಲ್ಲಿ ಒಂದು ಉತ್ತರ, ಡೆಟ್ರಾಯಿಟ್‌ನಲ್ಲಿ ಇನ್ನೊಂದು. ಚಪ್ಪಾಳೆ ಮುಗಿದು ಒಳಗೆ ಬಂದವಳು ಬೂಟು ಬಿಚ್ಚುತ್ತ ನನ್ನನ್ನು ಕೇಳುತ್ತಿದ್ದದ್ದು ಒಂದೇ. "ಅಮ್ಮ ರೇಡಿಯೋ ಹಾಕ್ತಾಳಂತಾ?"

"ಪಾಸ್ಟರ್ ಪ್ರವಚನಕ್ಕೆ ಮಾತ್ರ ಅಂತೆ" ಅನ್ನುತ್ತಿದ್ದೆ. ಮದರ್ ಟಾಲಿವರ್ ಬೀದಿಗೆಲ್ಲ ಸಾರಿದ್ದು ಅದನ್ನೇ. ಊರಲ್ಲಿದ್ದ ಭಾನುವಾರ ವರ್ಲೀನ್ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಹಾಡು ಎತ್ತಿಕೊಡು ಅಂತ ಯಾರೂ ಕರೆಯುತ್ತಿರಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾಡುತ್ತ ಹಾಡುತ್ತ ಅವಳ ದನಿ ಹರಿದುಹೋಯಿತು. ಗಂಟಲಲ್ಲಿ ಗಂಟು ಬೆಳೆದಿತ್ತು. ಡಾಕ್ಟರು ಕೊಯ್ದು ತೆಗೆದರು. "ಮೇಲಿನ ಸ್ವರ ಇನ್ನು ಮರೆತುಬಿಡಿ" ಅಂದರು. ಅಷ್ಟರಲ್ಲಿ ಜನಕ್ಕೂ ಕುಣಿಯುವ ಹಾಡಿನ ಹುಚ್ಚು ಹಿಡಿದಿತ್ತು. ನಿನ್ನೆಯವರೆಗೆ ಬಾಗಿಲು ಕಾಯುತ್ತಿದ್ದವರು ಫೋನು ಮಾಡಿದರೆ ಎತ್ತಲಿಲ್ಲ. ಎಂಥಾ ಜನ! ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ವರ್ಲೀನ್ ಸ್ಕೂಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ತಲೆಗೆ ಬಲೆ ಕಟ್ಟಿಕೊಂಡು ಮಕ್ಕಳ ತಟ್ಟೆಗೆ ಬೀನ್ಸು ಬಡಿಸಿದಳು. ಊಟದ ಹೊತ್ತು ಮುಗಿದ ಮೇಲೆ ಹಾಲಿನ ಕ್ರೇಟು ಜೋಡಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ದನಿ ತೆಗೆಯುತ್ತಿದ್ದಳು. ಒಮ್ಮೆ ನಾನೂ ಹೋಗಿ ಕೇಳಿದೆ. ಹಳೆಯ ಗಂಟಲಿನ ಸುಳಿವೇ ಇಲ್ಲ. ಕೆಳಗೆ ಎಲ್ಲೋ, ಹೊಟ್ಟೆಯ ತಳದಲ್ಲಿ, ಗರಗರ ಅನ್ನುವ ಏನೋ ಒಂದು.

"ಲಾರಿ ಸ್ಟಾರ್ಟ್ ಆದಂಗಿದೆ ಕಣೇ" ಅಂದೆ. ಏನು ಮಾಡಲಿ, ಬಾಯಿಗೆ ಬಂದುಬಿಟ್ಟಿತು.

"ಸ್ಟಾರ್ಟ್ ಆಯ್ತಲ್ಲ! ಇನ್ನು ಓಡಿಸೋದೊಂದೇ ಬಾಕಿ" ಅಂತ ನಕ್ಕಳು. ಮತ್ತೆ ಶುರು ಮಾಡಿದಳು. ಚಳಿಗಾಲವೆಲ್ಲ ಅದೇ ಹಟ. ಕೆಮ್ಮುವಳು, ಬಿಸಿನೀರು ಕುಡಿಯುವಳು, ಮತ್ತೆ ಅದೇ ಸಾಲು.

ಒಂದು ಶನಿವಾರ ಮಧ್ಯಾಹ್ನ ನಾವಿಬ್ಬರೂ ಮದರ್ ಟಾಲಿವರ್‌ಗೆ ಸೊಪ್ಪು, ಗೆಣಸು ತೆಗೆದುಕೊಂಡು ಹೋದೆವು. ಮುನಿಸು ಎಷ್ಟಿದ್ದರೂ ಸೊಪ್ಪು ನಿಂತಿರಲಿಲ್ಲ. ಹಿತ್ತಿಲ ಬಾಗಿಲಲ್ಲಿಟ್ಟು, "ಅಮ್ಮಾ, ಇಟ್ಟಿದೀನಿ" ಅಂತ ಕೂಗಿ ಬರುವುದು ವಾಡಿಕೆ. ಅವತ್ತು ಅವಳು ಕೂಗುವ ಮೊದಲೇ ಒಳಗಿಂದ ರೇಡಿಯೋ ಕೇಳಿಸಿತು. ಅವಳದ್ದೇ ಹಾಡು, ಹಳೆಯ ಗಂಟಲು. ಜಾಲರಿ ಬಾಗಿಲಾಚೆ ಮದರ್ ಟಾಲಿವರ್ ಬೆನ್ನು ಮಾಡಿ ನಿಂತು, ಮರುದಿನಕ್ಕೆ ಬಿಳಿ ಉಡುಪು ಇಸ್ತ್ರಿ ಮಾಡುತ್ತಿದ್ದಳು. ಸಾಲು ಮುಗಿದು ಖಾಲಿ ಜಾಗ ಬಂತು.

"ಹ್ಞೂಂ, ಹೇಳು ಮಗಳೇ" ಅಂದಳು ಮುದುಕಿ, ಇಸ್ತ್ರಿಯಿಂದ ಕಣ್ಣೆತ್ತದೆ.

ಮುಂದಿನ ಸಾಲು. ಮತ್ತೆ, "ಹ್ಞೂಂ, ಹೇಳು." ಸರಿಯಾಗಿ ಅಷ್ಟೇ ಹೊತ್ತಿಗೆ, ಒಂದು ಕೂದಲೆಳೆ ಆಚೀಚೆ ಇಲ್ಲದೆ. ಎಷ್ಟು ಸಲ ಹೇಳಿ ರೂಢಿಯಾಗಿತ್ತೋ!

ವರ್ಲೀನ್ ಕೈಯಿಂದ ಗೆಣಸಿನ ಚೀಲ ಬಿತ್ತು. ಮುದುಕಿ ತಿರುಗಿ ನೋಡಿದಳು. ಸಿಕ್ಕಿಬಿದ್ದ ಮುಖ ಒಂದು ಗಳಿಗೆ, ಆಮೇಲೆ ಅದೇ ಹಳೆಯ ಗತ್ತು.

"ಅಮ್ಮಾ! ನೀನು ಉತ್ತರ ಕೊಡಲೇ ಇಲ್ವಲ್ಲ!"

"ಚರ್ಚಲ್ಲಿ ಕೊಡಲಿಲ್ಲ, ಅಷ್ಟೇ. ಈ ಹಾಡು ಬಂದಾಗಿಂದ ಇಲ್ಲಿ ನಿಂತು ಕೊಡ್ತಾನೇ ಇದೀನಿ. ರೇಡಿಯೋಗೆ ಕಿವಿ ಇಲ್ಲ, ಅದಕ್ಕೆ ನಾನೇನು ಮಾಡ್ಲಿ?"

ಉಡುಪಿನಿಂದ ಸೀದ ವಾಸನೆ ಎದ್ದಿತು. ನಾನೇ ಒಳಗೆ ನುಗ್ಗಿ ಇಸ್ತ್ರಿ ಎತ್ತಿಟ್ಟೆ. ತಾಯಿ ಮಗಳಿಗೆ ಅದರ ಪರಿವೆಯೇ ಇರಲಿಲ್ಲ.

"ಹಾಗಾದ್ರೆ ನಾಳೆ ಎಲ್ಲರ ಮುಂದೆ ಕೊಡು" ಅಂದಳು ವರ್ಲೀನ್. ಕಣ್ಣಲ್ಲಿ ನೀರು, ಮಾತಲ್ಲಿ ಮಾತ್ರ ಒಂದಿಷ್ಟೂ ಸಡಿಲ ಇಲ್ಲ.

"ದೇವರ ಹಾಡು ತಗೊಂಡು ಬಾ, ನೋಡೋಣ. ಗಂಟಲು ಇದ್ಯಾ?"

"ಇರೋದನ್ನ ತರ್ತೀನಿ."

ಮರುದಿನ ಮದರ್ ಟಾಲಿವರ್ ತೋಳಿನಲ್ಲಿ ಕಂದು ಕಲೆ ಇದ್ದ ಬಿಳಿ ಉಡುಪು ಹಾಕಿಕೊಂಡೇ ಬಂದು ಮುಂದಿನ ಬೆಂಚಿನಲ್ಲಿ ಕೂತಳು. ಪಾಸ್ಟರ್ ಕರೆಯುವುದಕ್ಕೆ ಕಾಯದೆ ವರ್ಲೀನ್ ಎದ್ದು ಮುಂದೆ ಹೋದಳು. ಮೊದಲ ಸಾಲು ಎತ್ತಿಕೊಟ್ಟಳು. ಆ ಗರಗರ ಕೇಳಿ ಕೆಲವರು ತಲೆ ತಗ್ಗಿಸಿದರು. ಅವಳು ನಿಂತಳು, ಕಾದಳು. ಮುದುಕಿ ಬೀಸಣಿಗೆ ಬೀಸುತ್ತಲೇ ಇದ್ದಳು. ಎರಡನೇ ಸಾಲಿನ ನಡುವೆ ಗಂಟಲು ಒಡೆಯಿತು. ವರ್ಲೀನ್ ಉಗುಳು ನುಂಗಿ, ಇನ್ನೂ ಕೆಳಗಿನ ಸ್ವರಕ್ಕೆ ಇಳಿದು, ಅದೇ ಸಾಲನ್ನು ಮತ್ತೆ ಎತ್ತಿಕೊಟ್ಟಳು. ಮತ್ತೆ ನಿಂತಳು. ನನ್ನ ನಾಲಿಗೆಯ ತುದಿಗೆ ಉತ್ತರ ಬಂದು ಕೂತಿತ್ತು. ಆದರೂ ಹಲ್ಲು ಕಚ್ಚಿ ಹಿಡಿದೆ. ಆ ಜಾಗ ನನ್ನದಲ್ಲ.

ಬೀಸಣಿಗೆ ನಿಂತಿತು.

"ಹ್ಞೂಂ" ಅಂದಳು ಮದರ್ ಟಾಲಿವರ್. ಬೆಂಚು ಹಿಡಿದು ಎದ್ದು ನಿಂತಳು. "ಅಲ್ಲಿಂದಲೇ ಹೇಳು ಮಗಳೇ. ಅಲ್ಲಿಂದಲೇ ಹೇಳು."

ಆಮೇಲೆ ಎಲ್ಲರ ಸರದಿ. ನಾನೂ ಬಾಯಿ ತೆರೆದೆ.