ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದ ಕೇಬಲ್ಲು

ಸುರಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಈಚೆಗೆ ನನ್ನ ತಂಗಿಯ ಮಗಳು ರೇಣುಕಾಳ ಕೈಗೆ ಒಂದು ತುಂಡು ಕೇಬಲ್ಲು ಕೊಟ್ಟರು. ಹೆಣ್ಣು ನೋಡಲು ಬಂದವರ ಮುಂದೆ ಚಹಾದ ತಟ್ಟೆ ಹಿಡಿದವಳ ಹಾಗೆ ಆಕೆ ಅದನ್ನು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಳು.

ರೇಣುಕಾ ದಡ್ಡಿಯಲ್ಲ. (ನಮ್ಮ ಮನೆತನದಲ್ಲಿ ದಡ್ಡರೇ ಇಲ್ಲ ಅನ್ನುತ್ತಿಲ್ಲ. ಇದ್ದಾರೆ. ಈಕೆ ಅಲ್ಲ, ಅಷ್ಟೇ.) ದಿನಾ ಹತ್ತಿಕುಣಿಯಿಂದ ಬಸ್ಸು ಹಿಡಿದು ಯಾದಗಿರಿಗೆ ಹೋಗಿ, ಅಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ನೆಟ್‌ವರ್ಕಿಂಗ್ ಕೋರ್ಸು ಮಾಡುತ್ತಿದ್ದಳು. ಒಂದು ಕಂಪ್ಯೂಟರು ಇನ್ನೊಂದರ ಜೊತೆ ಮಾತಾಡುವಂತೆ ಜೋಡಿಸುವ ವಿದ್ಯೆ. ಯಾರನ್ನು ಒಳಗೆ ಬಿಡಬೇಕು, ಯಾರ ಫೈಲನ್ನು ಯಾರು ನೋಡಬೇಕು ಅಂತ ಕಾವಲು ಕಾಯುವ ಸರ್ವರ್ ಸಾಫ್ಟ್‌ವೇರನ್ನೂ ಕಲಿಸುತ್ತಾರಂತೆ. ಒಳ್ಳೆಯ ವಿದ್ಯೆ. ನಮ್ಮ ಕಡೆ ಬೇಕಾದ ವಿದ್ಯೆ.

ಆ ಆಸ್ಪತ್ರೆಗೂ ಅದೇ ಬೇಕಿತ್ತು. ಲ್ಯಾಬು, ಔಷಧಿ ಅಂಗಡಿ, ಬಿಲ್ ಕೌಂಟರು ಎಲ್ಲ ಒಂದೇ ನೆಟ್‌ವರ್ಕಿನಲ್ಲಿವೆ. ಅದು ನಿಂತರೆ ರೋಗಿಯ ರಿಪೋರ್ಟೂ ನಿಂತಂತೆ. ನೋಡಿಕೊಳ್ಳಲು ಒಬ್ಬರು ಬೇಕು ಅಂತ ತಿಳಿದು ನಾನೇ ಆಕೆಯನ್ನು ಕರೆದೊಯ್ದಿದ್ದೆ.

ಮ್ಯಾನೇಜರು ಕೇಬಲ್ಲು, ಕನೆಕ್ಟರು ಮತ್ತು ಇಕ್ಕಳದಂಥ ಒಂದು ಟೂಲು ಮುಂದಿಟ್ಟರು. ಕನೆಕ್ಟರು ಅಂದರೆ ಕೇಬಲ್ಲಿನ ತುದಿಗಿರುವ ಪ್ಲಾಸ್ಟಿಕ್ ತಲೆ. ಒಳಗಿನ ಬಣ್ಣದ ಎಳೆಗಳನ್ನು ಸಾಲಾಗಿ ಜೋಡಿಸಿ, ಅದರೊಳಗೆ ತೂರಿಸಿ ಒತ್ತಬೇಕು.

"ಬಣ್ಣದ ಸಾಲು ಗೊತ್ತದೇನವ್ವ?" ಅಂದರು.

"ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು!" ಒಂದೇ ಉಸಿರಿಗೆ ಹೇಳಿದಳು.

"ಶಾಭಾಸ್. ಈಗ ಕೂಡ್ಸಿ ತೋರ್ಸು."

ರೇಣುಕಾ ನನ್ನ ಕಡೆ ನೋಡಿದಳು, ಕೇಬಲ್ಲಿನ ಕಡೆ ನೋಡಿದಳು, ಆಮೇಲೆ ಮೆಲ್ಲಗೆ ಕೇಳಿದಳು: "ಸರ್, ಒಂದು ಹಾಳಿ ಕೊಡ್ತೀರೇನ್ರಿ? ಬಿಡಿಸಿ ತೋರಿಸ್ತೀನಿ. ಸ್ಕೆಚ್ ಪೆನ್ ನನ್ ಹತ್ರಾನೇ ಅದಾವ್ರಿ."

ಮ್ಯಾನೇಜರು ನಕ್ಕರು. ಪಕ್ಕದಲ್ಲಿದ್ದ ನರ್ಸಮ್ಮ ಮುಖ ತಿರುಗಿಸಿ ನಕ್ಕಳು. ನಗದವರು ಇಬ್ಬರೇ, ನಾನು ಮತ್ತು ರೇಣುಕಾ.

"ಆಯ್ತ್ರಿ ಅಕ್ಕಾರ, ಹೇಳಿ ಕಳಿಸ್ತೀವಿ," ಅಂದರು ಮ್ಯಾನೇಜರು ನನಗೆ.

ಶಹಾಪುರದಲ್ಲಿ ಪಾತ್ರೆ ಅಂಗಡಿ ಇಟ್ಟವಳು ನಾನು. ಕೈಗಾಡಿಯ ಮೇಲೆ ತಾಟು, ಲೋಟ ಮಾರುತ್ತಾ ಬೆಳೆದವಳು. "ಹೇಳಿ ಕಳಿಸ್ತೀವಿ" ಅಂದರೆ ಏನು ಅಂತ ನನಗೆ ಹೇಳಿಕೊಡಬೇಕೆ? ಗಿರಾಕಿಗಳು "ಹೊಳ್ಳಿ ಬರೋವಾಗ ತಗೋತೀವಿ" ಅನ್ನುತ್ತಾರಲ್ಲ, ಅದರ ಅಣ್ಣ ಇದು. ನಾನು ಕುರ್ಚಿ ಬಿಟ್ಟು ಏಳಲೇ ಇಲ್ಲ.

"ಸಾಹೇಬರ, ಬರೋ ಸೋಮವಾರ ತನಕ ಯಾರನ್ನೂ ತಗೋಬ್ಯಾಡ್ರಿ. ಅವತ್ತು ಆಕಿ ಕೈಲಿ ಆಗ್ಲಿಲ್ಲ ಅಂದ್ರ ನಾನಾಗೇ ಬ್ಯಾಡ ಅಂತೀನಿ."

"ಅಲ್ರಿ, ಒಂದು ವಾರದಾಗ…"

"ಇಷ್ಟು ದಿನ ಯಾರೂ ಇಲ್ದ ನಡ್ಸೀರಿ. ಇನ್ನೊಂದು ವಾರಕ್ಕ ಆಸ್ಪತ್ರಿ ಮುಳುಗತದೇನ್ರಿ?"

ಒಪ್ಪಿದರು. ಒಪ್ಪುವ ತನಕ ನಾನು ಏಳುವವಳಲ್ಲ ಅಂತ ಅವರಿಗೂ ತಿಳಿದಿತ್ತು.

ಬಸ್ಸಿನಲ್ಲಿ ರೇಣುಕಾ ತನ್ನ ಪ್ರಾಕ್ಟಿಕಲ್ ರೆಕಾರ್ಡು ಪುಸ್ತಕ ತೆಗೆದು ತೊಡೆಯ ಮೇಲಿಟ್ಟಳು. ಏನು ಚಂದ ಅಂತೀರಿ! ಕೇಬಲ್ಲು, ಕನೆಕ್ಟರು, ಸರ್ವರು, ಎಲ್ಲ ಬಣ್ಣ ಬಣ್ಣದ ಚಿತ್ರ. ಪ್ರತಿ ಚಿತ್ರದ ಕೆಳಗೂ "ಗುಡ್" ಅಂತ ಕೆಂಪು ಶಾಯಿ.

"ಪ್ರಾಕ್ಟಿಕಲ್ ಅಂದ್ರ ಇದೇ ದೊಡ್ಡವ್ವ. ಕೇಸರಿ ಪೆನ್ನು ಮುಗದ್ರ ಗೆಳತಿ ಹತ್ರ ಇಸ್ಕೋತಿದ್ದೆ."

"ಮತ್ತ ಆ ಸರ್ವರ್ ಸಾಫ್ಟ್‌ವೇರು?"

"ಅದನ್ನೂ ಬರ್ಕೊಂಡೀವಿ. 'ನೆಕ್ಸ್ಟ್ ಒತ್ತಿರಿ, ನೆಕ್ಸ್ಟ್ ಒತ್ತಿರಿ, ಫಿನಿಶ್ ಒತ್ತಿರಿ.'"

ಎಲ್ಲಿ ಒತ್ತುವುದು ತಾಯಿ, ಹಾಳೆಯ ಮೇಲೆಯೇ?

ನನ್ನ ಅಂಗಡಿಗೆ ಪಕ್ಕದ ಊರು ಸಗರದಿಂದ ಬರುವ ಹೆಣ್ಣುಮಕ್ಕಳು ಒಂದು ಕೊಡ ಕೊಳ್ಳಬೇಕಾದರೆ ಬೆರಳಿನಿಂದ ಬಾರಿಸುತ್ತಾರೆ, ಬಿಸಿಲಿಗೆ ಹಿಡಿದು ತೂತು ಹುಡುಕುತ್ತಾರೆ, ನೀರು ತುಂಬಿಸಿ ತಳ ಮುಟ್ಟಿ ನೋಡುತ್ತಾರೆ. ಅದೇ ಹೆಣ್ಣುಮಕ್ಕಳು ಮಗಳ ಕೋರ್ಸಿಗೆ ಫೀ ಕಟ್ಟುವಾಗ ಬೋರ್ಡು ನೋಡಿ ಕಟ್ಟಿ ಬರುತ್ತಾರೆ. ಯಾಕೆ? ಮಗಳ ವಯಸ್ಸು ಕೊಡಕ್ಕಿಂತ ಅಗ್ಗವೇ?

ಮರುದಿನ ಅಂಗಡಿಗೆ ಕೀಲಿ ಜಡಿದು ರೇಣುಕಾಳ ಜೊತೆ ಯಾದಗಿರಿಗೆ ಹೋದೆ. ಬಟ್ಟೆ ಅಂಗಡಿಯ ಮೇಲಿನ ಮಹಡಿ. ಒಂದು ಕಡೆ ಬೆಂಚಿನ ಮೇಲೆ ಹುಡುಗಿಯರು, ಹುಡುಗರು ಬಗ್ಗಿ ಬರೆಯುತ್ತಿದ್ದರು. ಇನ್ನೊಂದು ಕಡೆ ಗಾಜಿನ ಕೋಣೆ, ಅದಕ್ಕೆ ಕೀಲಿ. ಬಾಗಿಲಲ್ಲಿ "ಪಾದರಕ್ಷೆ ಹೊರಗೆ ಬಿಡಿ" ಅಂತ ಚೀಟಿ. ಒಳಗೆ ಸರ್ವರು. ಹಣೆಗೆ ಮೂರು ಪಟ್ಟೆ ವಿಭೂತಿ, ಕೊರಳಿಗೆ ಕಳೆದ ದಸರಾದ ಒಣಗಿದ ಚೆಂಡುಹೂವಿನ ಹಾರ. (ದೇವರಿಗಾದರೂ ದಿನಾ ಹೂವು ಬದಲಿಸುತ್ತೇವೆ.)

ದಸರಾದಲ್ಲಿ ನಾನೂ ತಕ್ಕಡಿಗೆ ಪೂಜೆ ಮಾಡುತ್ತೇನೆ. ಆದರೆ ಮರುದಿನ ಅದೇ ತಕ್ಕಡಿಯಲ್ಲಿ ತೂಗುತ್ತೇನೆ.

ಪಾಠ ಹೇಳುವ ಸರ್ ಎಳೆಯ ಹುಡುಗನೇ. ನಗುತ್ತಲೇ ಎದ್ದು ಬಂದ.

"ಕೀಲಿ ಯಾಕ್ರಿ ಸರ್?"

"ಹುಡುಗೂರು ಕೈ ಹಚ್ಚಿದ್ರ ಕೆಡತದ್ರಿ ಅಕ್ಕಾರ."

"ಕೆಡ್ಲಿ ಬಿಡ್ರಿ! ಇಲ್ಲಿ ಕೆಡಿಸಿದ್ರ ಕಲೀತಾರ, ಆಸ್ಪತ್ರ್ಯಾಗ ಕೆಡಿಸಿದ್ರ ಮಂದಿ ಸಾಯ್ತಾರ. ಯಾವುದು ಚಲೋ?"

ಬೆಂಚಿನ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಸರ್ ದನಿ ತಗ್ಗಿಸಿದ. "ನಿಮ್ ಹುಡುಗಿಗೆ ಎ ಗ್ರೇಡ್ ಮಾಡಿಕೊಡ್ತೀನ್ರಿ. ಫಿಕರ್ ಮಾಡಬ್ಯಾಡ್ರಿ."

ನೆತ್ತಿಗೇರಿತು ಸಿಟ್ಟು. ಗ್ರೇಡನ್ನು ಕೇಬಲ್ಲಿಗೆ ಸಿಕ್ಕಿಸಿದರೆ ಆಸ್ಪತ್ರೆಯ ಕಂಪ್ಯೂಟರು ಮಾತಾಡುತ್ತದೆಯೇ? ಬಾಯಿಗೆ ಬಂದಷ್ಟು ಅಂದೆ. ಆಗ ಆತ ಇನ್ನೊಂದು ಮೆಟ್ಟಿಲು ಇಳಿದ. "ಐತವಾರ ಸೂಟಿ ದಿನ ಆಕಿ ಒಬ್ಬಾಕಿನ್ನೇ ಕಳಿಸ್ರಿ. ಕೋಣಿ ತಗದು ತೋರಿಸ್ತೀನಿ. ಯಾರಿಗೂ ಹೇಳಬ್ಯಾಡ್ರಿ."

ಚೌಕಾಶಿಯಲ್ಲಿ ಇದು ಒಳ್ಳೆಯ ಮಾತು. ನನ್ನ ಕೆಲಸ ಆಗುತ್ತದೆ, ಅವನ ಮಾನವೂ ಉಳಿಯುತ್ತದೆ. ಹೂಂ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ರೇಣುಕಾ ನನ್ನ ಸೆರಗು ಜಗ್ಗಿದಳು.

"ದೊಡ್ಡವ್ವ, ಅವರೂ ಫೀ ಕಟ್ಯಾರ."

ಬೆಂಚಿನಲ್ಲಿ ಈಗ ಯಾರೂ ಬರೆಯುತ್ತಿರಲಿಲ್ಲ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

"ಇವತ್ತೇ ತಗೀರಿ. ಎಲ್ಲಾರ ಮುಂದ ತಗೀರಿ," ಅಂದೆ. "ಇಲ್ಲಂದ್ರ ನಾನು ಈ ಮೆಟ್ಟಿಲ ಮ್ಯಾಲ ಕುಂತು, ಹೊಸದಾಗಿ ಫೀ ಕಟ್ಟಾಕ ಬಂದೋರಿಗೆಲ್ಲ ಈ ಹಾರ ತೋರಿಸ್ತೀನಿ."

ತೆಗೆದ. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಸರ್ವರಿನ ಬಟನ್ನು ಒತ್ತಿದ. ಗುಂಯ್ ಅಂತ ಸದ್ದು ಮಾಡಿ ಪರದೆ ಬೆಳಗಿತು. ಪಾಸ್‌ವರ್ಡ್ ಕೇಳಿತು.

ಸರ್ ಒಂದು ಹೆಜ್ಜೆ ಹಿಂದೆ ಸರಿದ.

"ಹಾಕ್ರಿ."

"ಗೊತ್ತಿಲ್ರಿ."

"ಅಂದ್ರ?"

"ಇದನ್ನ ಕೂಡ್ಸಿದೋರು ಕೆಲಸ ಬಿಟ್ಟು ಹೋಗ್ಯಾರ್ರಿ. ಯಾರಿಗೂ ಹೇಳಿ ಹೋಗಿಲ್ಲ." ಆತ ತಲೆ ಎತ್ತಲಿಲ್ಲ. "ಅಕ್ಕಾರ, ನಾನೂ ಇಲ್ಲೇ ಕಲ್ತಾಂವ್ರಿ, ಹಿಂದಿನ ಬ್ಯಾಚಿನ್ಯಾಗ. ನಾನೂ ಚಿತ್ರ ಬಿಡಿಸೇ ಪಾಸಾಗೀನಿ. ಮಾಲಕರು ನೀನೇ ಪಾಠ ಹೇಳು ಅಂದ್ರು. ಇದನ್ನ ಇವತ್ತೇ ಮೊದಲ ಸಲ ಮುಟ್ಟಾಕತ್ತೀನಿ."

ಏನು ಹೇಳಲಿ? ಅಷ್ಟು ಹೊತ್ತು ಆತನ ಮೇಲಿದ್ದ ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. ಆದರೆ ಅದರ ವಿಳಾಸ ಬದಲಾಯಿತು. ಮುಟ್ಟದವನು ಮುಟ್ಟದವರಿಗೆ ಹೇಳಿಕೊಟ್ಟು, ಅವರು ಮುಂದೆ ಇನ್ನಷ್ಟು ಮುಟ್ಟದವರಿಗೆ ಹೇಳಿಕೊಡುವುದು. ಇದಕ್ಕೊಂದು ಬೋರ್ಡು, ಒಂದು ಪ್ರಮಾಣಪತ್ರ, ನಡುವೆ ಮಾಲೀಕರೊಬ್ಬರ ಹೊಸ ಕಾರು!

ಪಾಸ್‌ವರ್ಡಿಗೆ ನಾನೇನು ಮಾಡಲಿ, ಅದರ ಜೊತೆ ಚೌಕಾಶಿ ನಡೆಯುವುದಿಲ್ಲ. ಕಪಾಟಿನಲ್ಲಿ ಮಾತ್ರ ಕೇಬಲ್ಲಿನ ಒಂದು ಬಂಡಲ್ಲು ಬಿಚ್ಚದೆ ಬಿದ್ದಿತ್ತು. ಪಕ್ಕದಲ್ಲೇ ಕನೆಕ್ಟರಿನ ಡಬ್ಬಿ, ಟೂಲು, ಕೇಬಲ್ಲು ಪರೀಕ್ಷಿಸುವ ಟೆಸ್ಟರು. "ಕತ್ತರಿಸ್ರಿ," ಅಂದೆ. ಸರ್ ಕೂಡ ಹುಡುಗರ ನಡುವೆ ನೆಲದ ಮೇಲೆ ಕೂತ. ಎಳೆಗಳು ಸಾಲು ತಪ್ಪಿದವು, ಕನೆಕ್ಟರುಗಳು ಒಡೆದವು, ಬೆರಳುಗಳಿಗೆ ಗೀರು ಬಿದ್ದವು.

"ಸರ್, ನಿಮ್ದು ಉಲ್ಟಾ ಆಗ್ಯದ್ರಿ!" ಅಂತ ಒಬ್ಬಾಕೆ ಕೂಗಿದಳು.

"ಗೊತ್ತದವ್ವ, ಮುಚ್ಚು ಬಾಯಿ," ಅಂದ ಸರ್. ಎಲ್ಲರೂ ನಕ್ಕರು. ಆ ಗಾಜಿನ ಕೋಣೆಯಲ್ಲಿ ಅದೇ ಮೊದಲ ನಗು ಇದ್ದೀತು. ಬಸ್ಸಿಗೆ ಹೊತ್ತಾಗುವ ಮುಂಚೆ ರೇಣುಕಾಳ ಕೇಬಲ್ಲಿಗೆ ಟೆಸ್ಟರಿನ ದೀಪಗಳು ಒಂದರ ಹಿಂದೊಂದು ಹಸಿರಾದವು. ಉಳಿದ ದಿನಗಳಲ್ಲಿ ಕೈ ಪಳಗಿತು.

ಸೋಮವಾರ ಸುರಪುರದಲ್ಲಿ ಆಕೆ ಹಾಳೆ ಕೇಳಲಿಲ್ಲ. ಕೂಡಿಸಿ ಕೊಟ್ಟಳು. ಮ್ಯಾನೇಜರು ಆಸ್ಪತ್ರೆಯ ಸರ್ವರಿನ ಮುಂದೆ ಕೂರಿಸಿ, "ಹೊಸ ಡಾಕ್ಟರ್ ಬಂದಾರ, ಅವರಿಗೊಂದು ಲಾಗಿನ್ ಮಾಡು," ಅಂದರು.

"ಬರಂಗಿಲ್ರಿ ಸರ್," ಅಂದಳು. "ಹಾಳಿ ಮ್ಯಾಲ ಬರದೀನಿ, ಮಾಡಿಲ್ಲ. ಒಮ್ಮಿ ಮಾಡಿ ತೋರಿಸ್ರಿ, ಎರಡ್ನೇದು ನಾನು ಮಾಡ್ತೀನಿ."

ತೋರಿಸಿದರು. ಮಾಡಿದಳು. ಒಂದು ತಿಂಗಳು ನೋಡೋಣ ಅಂತ ಇಟ್ಟುಕೊಂಡಿದ್ದಾರೆ. ಕಾಯಂ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಕೋರ್ಸಿನಲ್ಲಿ ಆಗಬೇಕಿದ್ದ ಕಲಿಕೆ ಆಸ್ಪತ್ರೆಯಲ್ಲಿ ಆಗುತ್ತಿದೆ. ರೋಗಿಗಳ ಪುಣ್ಯ ದೊಡ್ಡದಿರಲಿ.

ಓದುಗರೇ, ಕೇಳದಿದ್ದರೂ ಹೇಳುತ್ತೇನೆ. ಫೀ ಕಟ್ಟುವ ಮುನ್ನ ಆಫೀಸಿನ ಸೋಫಾದ ಮೇಲೆ ಕೂರಬೇಡಿ, ನೆಟ್ಟಗೆ ಲ್ಯಾಬಿಗೆ ಹೋಗಿ. ಹಳೆಯ ವಿದ್ಯಾರ್ಥಿಯೊಬ್ಬರ ಕೈಗೆ ಟೂಲು ಕೊಡಿಸಿ, ಮಾಡಿ ತೋರಿಸಲು ಹೇಳಿ. ಯಂತ್ರ ಹೊಸದಾಗಿ ಫಳಫಳ ಹೊಳೆಯುತ್ತಿದ್ದರೆ ಬಂದ ದಾರಿಯಲ್ಲೇ ವಾಪಸ್ ಬನ್ನಿ. ಸವೆದ ಕೀಬೋರ್ಡು, ಕತ್ತರಿಸಿ ಬಿದ್ದ ವೈರು ಕಂಡರೆ ಮಾತ್ರ ಕೂತು ಮಾತಾಡಿ.

ನಿನ್ನೆ ಆ ತರಬೇತಿ ಕೇಂದ್ರದ ಮಾಲೀಕರ ಫೋನು ಬಂದಿತ್ತು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. "ಅಕ್ಕಾರ, ಬರೋ ತಿಂಗಳ ತಪಾಸಣಿ ಅದ. ಇಷ್ಟು ದಿನ ಲ್ಯಾಬು ಹೊಸದು ಹೊಸದಂಗ ಇತ್ತು. ನೀವು ಬಂದು ಬಂಡಲ್ ಪೂರಾ ಹಾಳ ಮಾಡಿಸೀರಿ. ಬಂದೋರಿಗೆ ನಾ ಏನಂತ ತೋರಿಸ್ಲಿ?"

ತಪಾಸಣೆಗೆ ಬರುವ ಸಾಹೇಬರೇ, ಈ ಸಲ ಯಂತ್ರದ ಮೇಲಿನ ಹೊಳಪು ನೋಡುತ್ತೀರೋ, ಹುಡುಗಿಯರ ಬೆರಳ ಮೇಲಿನ ಗೀರು ನೋಡುತ್ತೀರೋ?