ಕೆಂಗೇರಿಗೆ ಹೋದ ಜಾಮ್ ಬಾಟಲಿ

ಮೇಣದಬತ್ತಿ ಆರಿಸಿದಾಗ ಏಳುವ ಹೊಗೆಯ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತದೆ. ಹೇಳಿದರೆ ಮನೆಯವರು ನಗುತ್ತಾರೆ, ನಗಲಿ. ಎಂಬತ್ತರ ದಶಕದಲ್ಲಿ ರಾಜಾಜಿನಗರದ ವಠಾರದಲ್ಲಿ ಬೆಳೆದವಳು ನಾನು. ಶಿವರಾತ್ರಿ ಕಳೆದು ಬೀಜದ ಕಪ್ಪು ದ್ರಾಕ್ಷಿ ಗಾಡಿಗಳ ಮೇಲೆ ರಾಶಿ ಬಿದ್ದಿತೆಂದರೆ ನಮ್ಮ ಅಡುಗೆಮನೆಯಲ್ಲಿ ಜಾಮ್ ಕುದಿಯುತ್ತಿತ್ತು. ಬಾಟಲಿಗೆ ತುಂಬಿ, ಗಾಳಿಯಾಡದಿರಲೆಂದು ಮೇಲೆ ಕರಗಿದ ಮೇಣ ಸುರಿಯುತ್ತಿದ್ದರು. ದ್ರಾಕ್ಷಿ, ಲವಂಗ, ಮೇಣ, ಸೀಮೆಎಣ್ಣೆ ಸ್ಟೌವಿನ ಘಾಟು ಎಲ್ಲ ಕಲೆತ ಆ ವಾಸನೆ ನಮ್ಮ ಜಡೆಯಲ್ಲೂ ಕೂತುಬಿಡುತ್ತಿತ್ತು.

ಈ ಜಾಮಿನ ಹುಚ್ಚು ಹತ್ತಿಸಿದವರು ಪಕ್ಕದ ಮನೆಯ ಲೀಲಾ ಆಂಟಿ. ಮಹಿಳಾ ಸಮಾಜದಲ್ಲಿ ಒಂದು ವಾರ ಕಲಿತು ಬಂದಿದ್ದರು. ಆದರೆ ಅದೇ ಬೇಸಿಗೆಗೆ ಅವರು ವಠಾರ ಬಿಟ್ಟು ಹೊರಟಿದ್ದರು. ಕೆಂಗೇರಿಯಲ್ಲಿ ಸ್ವಂತ ಮನೆ ಎದ್ದಿತ್ತು. ಆಗಿನ ಕೆಂಗೇರಿ ಎಂದರೆ ನಮಗೆ ಕಾಶಿಗಿಂತ ಸ್ವಲ್ಪ ಈಚೆ, ಅಷ್ಟೇ. ಅಮ್ಮನಿಗೆ ಜೀವವೇ ಹೋದಂತಾಗಿತ್ತು. ನಲ್ಲಿ ಮುಂದೆ, ಕಟ್ಟೆ ಮೇಲೆ, ಹುಷಾರಿಲ್ಲದಾಗ ಗಂಜಿ ಹಿಡಿದು, ಎಲ್ಲದಕ್ಕೂ ಅವಳಿಗೆ ಲೀಲಾ ಬೇಕು. "ಹೋದೋರು ಯಾರು ವಾಪಸ್ ಬಂದಿದಾರೆ ಹೇಳಿ? ಆ ಕಮಲಾ ಮಹಾಲಕ್ಷ್ಮಿ ಲೇಔಟ್‌ಗೆ ಹೋದ್ಲು. ನಡ್ಕೊಂಡು ಬರೋ ದೂರ. ಪ್ರತಿ ಶುಕ್ರವಾರ ಬರ್ತೀನಿ ಅಂದವಳು ಒಂದು ಶುಕ್ರವಾರ ಬಂದ್ಲಾ?" ಎಂದು ಅಪ್ಪನ ತಲೆ ತಿನ್ನುತ್ತಿದ್ದಳು. ಕಮಲಾ ಬರದಿದ್ದುದು ತನ್ನದೇ ತಪ್ಪೇನೋ ಎಂಬಂತೆ ಅಪ್ಪ ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದರು.

ಹೊರಡುವ ಮುಂಚೆ ಒಟ್ಟಿಗೆ ಒಂದು ಸಲ ಜಾಮ್ ಮಾಡೋಣ ಎಂದಾಯಿತು. ಅಮ್ಮ, ಲೀಲಾ ಆಂಟಿ, ಜೊತೆಗೆ ಎದುರುಮನೆಯ ರಾಜಮ್ಮನವರು. ರಾಜಮ್ಮನವರು ಗುಟ್ಟು ಹೇಳಿದರೂ ಬೀದಿಗೆ ಕೇಳಿಸುತ್ತಿತ್ತು. ದ್ರಾಕ್ಷಿ ಬೇಯಿಸಿ ಸೋಸಲು ಅಪ್ಪನ ಪಂಚೆಯೊಂದು ಬಲಿಯಾಯಿತು. ರಸಕ್ಕೆ ಸಕ್ಕರೆ ಬಿದ್ದು ಕುದಿ ಬಂದ ಮೇಲೆ ಶುರುವಾಯಿತು ನೋಡಿ ಜಗಳ. ಲೀಲಾ ಆಂಟಿ ಒಂದು ತೊಟ್ಟು ಜಾಮನ್ನು ತಟ್ಟೆಗೆ ಬಿಟ್ಟು, ಆರಿಸಿ, ಬೆರಳಿಂದ ತಳ್ಳಿದರು. ಅದು ಸುಕ್ಕುಗಟ್ಟಿತು. "ಆಯ್ತು, ಇಳಿಸಿ. ನಮ್ಮ ಟೀಚರ್ ಹೀಗೇ ಹೇಳ್ಕೊಟ್ಟಿದ್ದು."

ವಠಾರಕ್ಕೆಲ್ಲ ಕೊಬ್ಬರಿ ಮಿಠಾಯಿ ಮಾಡಿಕೊಡುತ್ತಿದ್ದ ಅಮ್ಮ ಕೇಳುತ್ತಾಳೆಯೇ? ಹೆಬ್ಬೆರಳು ತೋರುಬೆರಳಿನ ನಡುವೆ ತೊಟ್ಟನ್ನು ಹಿಡಿದು ಎಳೆದು ನೋಡಿದಳು. "ಎಳೆಯೇ ಬಂದಿಲ್ಲ ಕಣೇ! ಇದನ್ನ ಪಾಕ ಅಂತಾರಾ?" ರಾಜಮ್ಮನವರೂ ಬೆರಳು ಅದ್ದಿ, ಸುಟ್ಟುಕೊಂಡು, "ಇನ್ನೂ ಸಾರು ಸಾರು ಇದೆ, ಕುದೀಲಿ" ಎಂದು ಅರಚಿದರು. ಲೀಲಾ ಆಂಟಿ ಸೋತರು. ಎರಡೆಳೆ ಪಾಕ ಬರುವ ತನಕ ಕುದಿಸಿ, ಬಾಟಲಿಗೆ ತುಂಬಿ, ಮೇಣ ಹೊಯ್ದು, ಅತಿ ದೊಡ್ಡ ಬಾಟಲಿಯನ್ನು ಅಮ್ಮ ಲೀಲಾ ಆಂಟಿಯ ಕೈಗಿಟ್ಟು ಗೋಳೋ ಎಂದು ಅತ್ತಳು. ಲಾರಿ ಹೊರಟಿತು.

ಮಾರನೆಯ ವಾರ ಬ್ರೆಡ್ ತಂದು, ಮೇಣ ಕಿತ್ತು, ಚಮಚ ಹಾಕಿದರೆ ಠಣ್ ಎಂದಿತು. ಜಾಮ್ ಎಲ್ಲಿ ಬಂತು, ಕಪ್ಪು ಕಲ್ಲು! ರಾಜಮ್ಮನವರ ಮನೆಯಿಂದಲೂ ಠಣ್ ಠಣ್ ಕೇಳಿಸಿತು. ಅಮ್ಮ ಹಣೆ ಚಚ್ಚಿಕೊಂಡು, "ಹೋಗಿ ಹೋಗಿ ಅವಳ ಕೈಗೂ ಇದನ್ನೇ ಕೊಟ್ಟು ಕಳಿಸಿದೆನಲ್ಲ" ಎಂದು ಕೊರಗುತ್ತಿರುವಾಗಲೇ, ವೈರ್ ಬುಟ್ಟಿಯಲ್ಲಿ ಬಾಟಲಿ ಇಟ್ಟುಕೊಂಡು, ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ, ಬೆವರು ಸುರಿಸುತ್ತ ಲೀಲಾ ಆಂಟಿ ಬಾಗಿಲಲ್ಲಿ ನಿಂತಿದ್ದರು. "ವಿಶಾಲೂ, ನಿನ್ನ ಜಾಮ್ ನಮ್ಮನೆ ಚಮಚ ಎಲ್ಲಾ ಬಗ್ಗಿಸಿಬಿಡ್ತು ಕಣೇ! ನಮ್ಮನೆಯವ್ರು ಸ್ಕ್ರೂಡ್ರೈವರ್ ತಗೊಂಡು ಕೂತಿದ್ರು."

ಅಮ್ಮ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿದಳು. ಅದು ಮೆತ್ತಗಾಗುವ ಹೊತ್ತಿಗೆ ಕಾಫಿಯಾಯಿತು, ಊಟವಾಯಿತು, ಇಡೀ ಕೆಂಗೇರಿಯ ಸುದ್ದಿಯಾಯಿತು. ಮನೆಗೆ ಹೋಗುವಷ್ಟರಲ್ಲಿ ಜಾಮ್ ಮತ್ತೆ ಕಲ್ಲು. ಮತ್ತೆ ಮುಂದಿನ ವಾರ ಲೀಲಾ ಆಂಟಿ, ಬುಟ್ಟಿ, ಬಾಟಲಿ. ಒಂದು ದಿನ ಅಪ್ಪ ಪೇಪರ್‌ನಿಂದ ತಲೆಯೆತ್ತಿ, "ಅಲ್ಲಮ್ಮಾ, ಕೆಂಗೇರೀಲಿ ಬಿಸಿನೀರು ಸಿಗಲ್ವಾ?" ಎಂದು ಕೇಳಿಯೇಬಿಟ್ಟರು. ಲೀಲಾ ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಮ್ಮ ಅಪ್ಪನನ್ನು ನುಂಗುವಂತೆ ನೋಡಿದಳು. ಅವರು ಪಾಪ, ಮತ್ತೆ ಪೇಪರಿನೊಳಗೆ ಹೋದರು.

ಮರುವರ್ಷ ದ್ರಾಕ್ಷಿಯ ಕಾಲಕ್ಕೆ ಮೂವರೂ ಮತ್ತೆ ಸ್ಟೌ ಮುಂದೆ ಕೂತರು. ಈ ಸಲ ತಟ್ಟೆಯ ಮೇಲಿನ ತೊಟ್ಟು ಸುಕ್ಕುಗಟ್ಟುತ್ತಲೇ ರಾಜಮ್ಮನವರು, "ಸರಿಯಾಗಿದೆ, ಇಳಿಸ್ರೇ, ಕಳೆದ ಸಲದ್ದು ಸಾಲ್ದಾ?" ಎಂದು ಕೂಗಿದರು. ಅಮ್ಮ ಇಕ್ಕಳ ಹಿಡಿದು ಲೀಲಾ ಆಂಟಿಯ ಮುಖ ನೋಡಿದಳು. ಆಂಟಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಇನ್ನೊಂಚೂರು ಕುದೀಲಿ ಬಿಡು, ವಿಶಾಲೂ." ಅಮ್ಮ ಇಕ್ಕಳ ಕೆಳಗಿಟ್ಟಳು.

ಈಗ ಆ ಮೂವರೂ ಇಲ್ಲ, ವಠಾರವೂ ಇಲ್ಲ. ವಿಜಯನಗರದ ಈ ಫ್ಲ್ಯಾಟಿನಲ್ಲಿ ನಾನೂ ಜಾಮ್ ಮಾಡುತ್ತೇನೆ, ತಟ್ಟೆಯಲ್ಲಿ ನೋಡಿ, ಹದಕ್ಕೆ ಸರಿಯಾಗಿ ಇಳಿಸುತ್ತೇನೆ. ಚಮಚ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಮೊನ್ನೆ ಮೇಲಿನ ಮನೆಯ ಹುಡುಗಿಗೆ ಒಂದು ಬಾಟಲಿ ಕೊಟ್ಟೆ. "ಸೂಪರ್ ಆಗಿತ್ತು ಆಂಟಿ" ಎಂದು ಮೆಸೇಜ್ ಬಂತು. ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದರೆ, ಚೆನ್ನಾಗಿ ತೊಳೆದ ಖಾಲಿ ಬಾಟಲಿ, ಬೆಲ್ ಕೂಡ ಮಾಡದೆ ಚಿಲಕಕ್ಕೆ ನೇತುಹಾಕಿ ಹೋದ ಚೀಲದಲ್ಲಿತ್ತು.